ಟಕ್ ಅಂದದ್ದು ಯಾರು?

"ಸದ್ದು ಬರುತ್ತಿದೆ ಅಂದರೆ ಗಾಡಿ ಬದುಕಿದೆ ಅಂತ ಅರ್ಥ" ಎಂದ ನಮ್ಮ ಯಜಮಾನ.

ಯಜಮಾನ ಅಂದರೆ ನಮ್ಮ ಗುಂಪಿನಲ್ಲಿ ಕ್ಯಾಂಪರ್ ವ್ಯಾನ್ ಇಟ್ಟುಕೊಂಡಿರುವ ಏಕೈಕ ಗೆಳೆಯ. ಫೋರ್ ವೀಲ್ ಡ್ರೈವ್ ವ್ಯಾನು. ಒಳಗೆ ಹಾಸಿಗೆ, ಒಲೆ, ಫ್ರಿಜ್ಜು, ಸಿಂಕು, ನೀರಿನ ಟ್ಯಾಂಕು, ಕಪಾಟು ಎಲ್ಲ ಇದೆ. ಹೊರಗೆ ಮುಂದಿನ ಎಡ ಚಕ್ರದ ಕಡೆಯಿಂದ ಟಕ್ ಟಕ್ ಅನ್ನುವ ಸದ್ದೂ ಇದೆ. ಸದ್ದು ಶುರುವಾದಾಗ ಅವನು ಮಾಡಿದ ರಿಪೇರಿ ಒಂದೇ. ರೇಡಿಯೋ ವಾಲ್ಯೂಮ್ ಏರಿಸಿದ. ಸದ್ದೂ ಏರಿತು. ಆಗ ಇನ್ನೊಂದು ಸ್ಪೀಕರ್ ಹಾಕಿಸಿದ.

"ಕಪಾಟಿನೊಳಗೆ ಪಾತ್ರೆ ಅಲ್ಲಾಡುತ್ತಿದೆ, ಅಷ್ಟೇ" ಅನ್ನುವುದು ಅವನ ವಾದ.

"ಪಾತ್ರೆ ಎಲ್ಲ ಇಳಿಸಿ ಎಷ್ಟೋ ದಿನ ಆಯಿತು" ಅಂದರು ಅತ್ತಿಗೆ. "ಹಳ್ಳಕ್ಕೆ ಇಳಿದರೆ ಟಕ್. ಬ್ರೇಕ್ ಹಾಕಿದರೆ ಟಕ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ಕಿರ್. ಸ್ಟೇರಿಂಗ್ ತಿರುಗಿಸಿದ್ದು ಪಾತ್ರೆಗೆ ಹೇಗಪ್ಪಾ ಗೊತ್ತಾಗುತ್ತದೆ?"

ರೋಗ ಪತ್ತೆ ಅಲ್ಲಿಗೇ ಮುಗಿದಿತ್ತು. ಆದರೆ ನಾಲ್ಕು ಗಂಡಸರು ಸೇರಿದ ಮೇಲೆ ಅಷ್ಟು ಬೇಗ ಮುಗಿಸುವುದಕ್ಕೆ ಆಗುತ್ತದೆಯೇ? ನಮ್ಮಲ್ಲಿ ಇಬ್ಬರು ತಜ್ಞರಿದ್ದಾರೆ. ಒಬ್ಬರು ಮೇಷ್ಟ್ರು. ವ್ಯಾನು ಅವರದಲ್ಲ, ಆದರೆ ವ್ಯಾನಿನ ರಿಪೇರಿ ಪುಸ್ತಕ ಪೂರ್ತಿ ಓದಿದ್ದಾರೆ. ಇನ್ನೊಬ್ಬನನ್ನು ನಾವು ಸುತ್ತಿಗೆ ಅಂತಲೇ ಕರೆಯುವುದು. ಕಾರಣ ಹೇಳಬೇಕಾಗಿಲ್ಲ.

"ಬಾಲ್ ಜಾಯಿಂಟು ಹೋಗಿದೆ" ಎಂದರು ಮೇಷ್ಟ್ರು. "ಚಕ್ರದ ಹಿಂದೆ ಒಂದು ದಪ್ಪ ಕಬ್ಬಿಣದ ತುಂಡು ಇದೆಯಲ್ಲ, ಅದು ನಕಲ್. ಅದನ್ನು ಚಾಸಿಯಿಂದ, ಅಂದರೆ ಗಾಡಿಯ ಅಡಿಯ ಚೌಕಟ್ಟಿನಿಂದ, ತೋಳಿನ ಹಾಗೆ ಚಾಚಿದ ಮೇಲೊಂದು ಆರ್ಮ್, ಕೆಳಗೊಂದು ಆರ್ಮ್ ಹಿಡಿದಿವೆ. ಹಿಡಿದಿರುವ ಜಾಗದಲ್ಲಿ ಒಂದೊಂದು ಬಾಲ್ ಜಾಯಿಂಟು. ಬಟ್ಟಲಿನೊಳಗೆ ಕೂತ ಗುಂಡು, ಗುಂಡಿಗೊಂದು ಬಾಲ. ಚಕ್ರ ಮೇಲೆ ಕೆಳಗೆ ಕುಣಿಯಬೇಕು, ಎಡಕ್ಕೆ ಬಲಕ್ಕೆ ತಿರುಗಬೇಕು, ಆದರೆ ಕಳಚಿಕೊಳ್ಳಬಾರದು. ನಮ್ಮ ಸೊಂಟದ ಕೀಲು ಮಾಡುವ ಕೆಲಸವೇ."

"ಹಾಗಾದರೆ ಎಣ್ಣೆ ತಿಕ್ಕಿದರೆ ಸಾಕು."

"ಸವೆದ ಮೇಲೆ ಎಷ್ಟು ಗ್ರೀಸ್ ತುಂಬಿದರೂ ಲೋಹ ಮತ್ತೆ ಬೆಳೆಯುವುದಿಲ್ಲಪ್ಪ. ಅದಕ್ಕೊಂದು ರಬ್ಬರ್ ಬೂಟ್ ಇತ್ತು. ಹರಿದಿದೆ ನೋಡು. ಒಳಗಿದ್ದ ಗ್ರೀಸ್ ಹೊರಗೆ ಬಂತು, ಹೊರಗಿದ್ದ ಕೆಸರು ಒಳಗೆ ಹೋಯಿತು. ನೀನೇನೋ ಫೋರ್ ವೀಲ್ ಡ್ರೈವ್ ಇದೆ ಅಂತ ಕಂಡ ಕಂಡ ಹಳ್ಳಕ್ಕೆ ಇಳಿಸಿದೆ."

"ಹಳ್ಳಕ್ಕೆ ಇಳಿಸದೆ ಇರುವುದಕ್ಕೆ ಫೋರ್ ವೀಲ್ ಡ್ರೈವ್ ಯಾಕೆ ಬೇಕು?" ಎಂದ ಯಜಮಾನ. ಇದಕ್ಕೆ ಮೇಷ್ಟ್ರ ಪುಸ್ತಕದಲ್ಲಿ ಉತ್ತರ ಇರಲಿಲ್ಲ.

ಮೇಷ್ಟ್ರು ಇತಿಹಾಸಕ್ಕೆ ಹೋದರು. ಮೊದಲು ಗಾಡಿಗಳಿಗೆ ಬಾಲ್ ಜಾಯಿಂಟಿನ ಬದಲು ಕಿಂಗ್ ಪಿನ್, ಅಂದರೆ ಚಕ್ರ ಎಡಕ್ಕೆ ಬಲಕ್ಕೆ ತಿರುಗಲು ಒಂದು ದಪ್ಪ ಉಕ್ಕಿನ ಗೂಟ ಇರುತ್ತಿತ್ತು. ಅಮೆರಿಕದಲ್ಲಿ 1952ರ ಲಿಂಕನ್ ಕಾರಿಗೆ ಮುಂದೆ ಬಾಲ್ ಜಾಯಿಂಟ್ ಬಂತು, 1954ರಲ್ಲಿ ಫೋರ್ಡ್ ಕಾರುಗಳಿಗೂ ಬಂತು. "ಅದಕ್ಕೂ ಹಿಂದೆ" ಎಂದು ಅವರು ಎತ್ತಿನ ಗಾಡಿಯ ಕಡೆ ಹೊರಟಾಗ ಸುತ್ತಿಗೆ ಜಾಕ್ ಎಳೆದುಕೊಂಡು ಬಂದ.

ಬಂದವನೇ ಚಾಸಿ ಕೆಳಗೆ ಜಾಕ್ ಕೊಟ್ಟು ಗಾಡಿ ಎತ್ತಿದ. ಚಕ್ರ ಹಿಡಿದು ಅಲ್ಲಾಡಿಸಿದ. ಏನೂ ಅಲ್ಲಾಡಲಿಲ್ಲ. ಯಜಮಾನನ ಮುಖ ಅರಳಿತು. "ನಾನು ಹೇಳಲಿಲ್ವಾ? ಪಾತ್ರೆ!"

"ಇಳಿಸೋ ಕೆಳಗೆ" ಎಂದು ಮೇಷ್ಟ್ರು ಗದರಿದರು. ಅವರು ಹೇಳಿದ್ದರಲ್ಲಿ ಅರ್ಥ ಇತ್ತು. ಈ ವ್ಯಾನಿನಲ್ಲಿ ಸ್ಪ್ರಿಂಗು ಕೂತಿರುವುದು ಕೆಳಗಿನ ಆರ್ಮಿನ ಮೇಲೆ. ಚಾಸಿ ಎತ್ತಿದರೂ ಸ್ಪ್ರಿಂಗು ಆರ್ಮನ್ನು ಒತ್ತುತ್ತಲೇ ಇರುತ್ತದೆ. ಆ ಒತ್ತಡದಲ್ಲಿ ಸವೆದ ಜಾಯಿಂಟೂ ಬಿಗಿಯಾಗಿ ನಿಂತು ಸುಳ್ಳು ಸಾಕ್ಷಿ ಹೇಳುತ್ತದೆ. ಜಾಕನ್ನು ಕೆಳಗಿನ ಆರ್ಮಿಗೇ, ಚಕ್ರಕ್ಕೆ ಆದಷ್ಟು ಹತ್ತಿರ ಕೊಡಬೇಕು. ಆಗ ಭಾರ ಜಾಕಿನ ಮೇಲೆ ಬರುತ್ತದೆ, ಜಾಯಿಂಟು ಸಡಿಲವಾಗುತ್ತದೆ, ನಿಜ ಬಾಯಿಬಿಡುತ್ತದೆ.

ಹಾಗೇ ಮಾಡಿದೆವು. ಟೈರಿನ ಕೆಳಗೆ ಹಾರೆ ತೂರಿಸಿ ಸುತ್ತಿಗೆ ಮೀಟಿದ. ಟಕ್. ಇನ್ನೊಮ್ಮೆ ಮೀಟಿದ. ಟಕ್. ಬಟ್ಟಲೊಳಗೆ ಗುಂಡು ಏರಿ ಇಳಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು.

"ವೀಲ್ ಬೇರಿಂಗ್ ಇರಬಹುದಲ್ವಾ?" ಯಜಮಾನ ಇನ್ನೂ ಸೋಲು ಒಪ್ಪಿರಲಿಲ್ಲ.

ಅದಕ್ಕೂ ಪರೀಕ್ಷೆ ಇದೆ. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸುತ್ತಿರುವಾಗ ಇನ್ನೊಬ್ಬ ಬ್ರೇಕ್ ಒತ್ತಬೇಕು. ಅಲ್ಲಾಟ ನಿಂತರೆ ಬೇರಿಂಗು. ನಿಲ್ಲದಿದ್ದರೆ ಬಾಲ್ ಜಾಯಿಂಟು. ಯಜಮಾನನೇ ಒಳಗೆ ಕೂತು ಬ್ರೇಕ್ ಒತ್ತಿದ. ಅಲ್ಲಾಟ ನಿಲ್ಲಲಿಲ್ಲ. ಅಭ್ಯಾಸಬಲದಿಂದ ಅವನ ಕೈ ರೇಡಿಯೋ ಕಡೆ ಹೋಯಿತು.

"ಸರಿ, ಸ್ವಲ್ಪ ಸವೆದಿದೆ. ಹೀಗೇ ಓಡಿಸಿದರೆ ಏನಾಗುತ್ತದೆ?"

ಮೇಷ್ಟ್ರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ವಿಷಯ ಗಂಭೀರ. "ಕೆಳಗಿನ ಜಾಯಿಂಟು ಕಳಚಿಕೊಂಡರೆ ಆ ಮೂಲೆ ನೆಲಕ್ಕೆ ಕುಸಿಯುತ್ತದೆ. ಚಕ್ರ ಎತ್ತಲೋ ವಾಲುತ್ತದೆ. ಸ್ಟೇರಿಂಗು ನಿನ್ನ ಕೈಯಲ್ಲೇ ಇರುತ್ತದೆ, ಗಾಡಿ ಇರುವುದಿಲ್ಲ. ಮನೆಯನ್ನೇ ಹೊತ್ತುಕೊಂಡು ಓಡಾಡುವ ವ್ಯಾನು ಇದು."

ಯಜಮಾನ ಸುಮ್ಮನಾದ. ಅತ್ತಿಗೆ ಗಾಡಿಯ ಕೀಲಿ ತೆಗೆದುಕೊಂಡು ತಮ್ಮ ಬ್ಯಾಗಿಗೆ ಹಾಕಿಕೊಂಡರು. ಇಡೀ ದಿನದಲ್ಲಿ ನಡೆದ ಅತ್ಯಂತ ಉಪಯೋಗದ ರಿಪೇರಿ ಅದೇ ಅಂತ ನನ್ನ ಅಭಿಪ್ರಾಯ.

ನಂತರದ ಚರ್ಚೆ, ಎಷ್ಟು ಬದಲಿಸುವುದು? "ಒಂದು ಹೋಗಿದೆ, ಒಂದು ಹಾಕೋಣ" ಎಂದ ಯಜಮಾನ. "ಬಲಗಡೆಯದೂ ಅದೇ ಹಳ್ಳಕ್ಕೆ ಇಳಿದಿತ್ತಲ್ವಾ?" ಎಂದರು ಮೇಷ್ಟ್ರು. ಎರಡಾಯಿತು. "ಮೇಲಿನವು ಭಾರ ಹೊರುವುದಿಲ್ಲ, ನಿಜ. ಆದರೂ ಒಂದೇ ವಯಸ್ಸು." ನಾಲ್ಕಾಯಿತು. "ಹೇಗೂ ಬಿಚ್ಚುತ್ತೇವೆ" ಎಂದು ಸುತ್ತಿಗೆ ಬಾಯಿ ಹಾಕಿದ. "ಹೇಗೂ ಬಿಚ್ಚುತ್ತೇವೆ" ಅನ್ನುವ ಎರಡು ಶಬ್ದ ಇದೆಯಲ್ಲ, ಅದು ಖಾಲಿ ಮಾಡಿದಷ್ಟು ಜೇಬುಗಳನ್ನು ಕಳ್ಳರೂ ಮಾಡಿಲ್ಲ. ಟೈ ರಾಡ್ ಎಂಡು ಬಂತು. ಆರ್ಮಿನ ಬುಷ್ಷು ಬಂತು. ಡ್ರೈವ್ ಶಾಫ್ಟಿನ ಬೂಟು, ಬೇರಿಂಗು, ಬ್ರೇಕ್ ಪ್ಯಾಡು, ಶಾಕ್ ಅಬ್ಸಾರ್ಬರು ಸಾಲಾಗಿ ಬಂದು ನಿಂತವು.

"ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ?" ಯಜಮಾನ ಅಳುವ ದನಿಯಲ್ಲಿ ಕೇಳಿದ.

"ಹಿಂದಿನ ನಂಬರ್ ಪ್ಲೇಟಿನ ಹತ್ತಿರ" ಎಂದ ಸುತ್ತಿಗೆ.

ನಾನು ನಾಲ್ಕು ಜಾಯಿಂಟಿನ ಪರ ಮತ ಹಾಕಿದೆ. ಈ ಕೆಲಸದಲ್ಲಿ ಜಾಯಿಂಟು ಹಾಕುವುದು ಚಿಕ್ಕ ಭಾಗ. ಅಲ್ಲಿಗೆ ತಲುಪುವುದೇ ದೊಡ್ಡದು. ಎರಡು ಸಲ ತಲುಪುವುದು ಯಾಕೆ? ಉಳಿದದ್ದನ್ನು ಕೈಯಿಂದ ಅಲ್ಲಾಡಿಸಿ, ಕಣ್ಣಿಂದ ನೋಡಿ, ಹೋಗಿದ್ದರೆ ಹಾಕುವುದು, ಇಲ್ಲದಿದ್ದರೆ ಬಿಡುವುದು. ಬೇರೆ ಮಾದರಿಯ ಗಾಡಿಗಳಲ್ಲಿ ಸ್ಪ್ರಿಂಗು ಮೇಲಿನ ಆರ್ಮಿನ ಮೇಲೆ ಇರುತ್ತದೆ, ಅಲ್ಲಿ ಮೇಲಿನ ಜಾಯಿಂಟೇ ಭಾರ ಹೊರುತ್ತದೆ, ಪರೀಕ್ಷೆಯೂ ಬೇರೆ. ಅದನ್ನು ಹೇಳಲು ಮೇಷ್ಟ್ರು ಬಾಯಿ ತೆರೆದರು, ಯಾರೂ ಬಿಡಲಿಲ್ಲ.

ಈಗ ಸುತ್ತಿಗೆಯ ಅಧ್ಯಾಯ. ಜಾಯಿಂಟಿನ ಬಾಲ ಒಂದೇ ದಪ್ಪ ಇರುವುದಿಲ್ಲ, ತುದಿಗೆ ಹೋದಂತೆ ಸಣ್ಣಗಾಗುತ್ತದೆ. ಮೆಕ್ಯಾನಿಕ್ಕುಗಳ ಮಾತಿನಲ್ಲಿ ಟೇಪರ್. ನಕಲಿನ ತೂತೂ ಹಾಗೇ. ನಟ್ ಬಿಗಿ ಮಾಡಿದಾಗ ಒಂದರೊಳಗೊಂದು ಕಚ್ಚಿಕೊಂಡು ಕೂರುತ್ತವೆ. ವರ್ಷಗಳ ಮೇಲೆ ನಟ್ ತೆಗೆದರೂ "ನಾನು ಬರಲ್ಲ" ಅನ್ನುತ್ತವೆ.

"ಬಾಲದ ತುದಿಗೆ ನಾಲ್ಕು ಏಟು ಬಿಗಿದರೆ ಬರುತ್ತದೆ" ಎಂದ ಸುತ್ತಿಗೆ.

"ಬರುವುದಿಲ್ಲ. ಬಾಲದ ತುದಿಯ ತಿರುಪಿನ ಸುತ್ತುಗಳು ನಜ್ಜುಗುಜ್ಜಾಗುತ್ತವೆ, ನಟ್ಟೂ ಸಿಕ್ಕಿಕೊಳ್ಳುತ್ತದೆ. ನಕಲಿನ ತೂತಿನ ಪಕ್ಕಕ್ಕೆ, ಕಬ್ಬಿಣ ದಪ್ಪ ಇರುವ ಕಡೆ, ಅಡ್ಡಕ್ಕೆ ಹೊಡೆಯಬೇಕು. ಹೊಡೆತಕ್ಕೆ ತೂತಿನ ದುಂಡು ಒಂದು ಕ್ಷಣ ಕೆಡುತ್ತದೆ. ಟೇಪರ್ ಹಿಡಿತ ಬಿಡುತ್ತದೆ."

"ಹೊಡೆಯಿರಿ ಅಂತ ಪುಸ್ತಕದಲ್ಲೇ ಇದೆಯಾ ಮೇಷ್ಟ್ರೇ?" ಸುತ್ತಿಗೆಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಷ್ಟು ವರ್ಷ ಅವನನ್ನು ಬೈದದ್ದೆಲ್ಲ ಜಾಗ ತಪ್ಪಿ ಹೊಡೆದಿದ್ದಕ್ಕೆ ಮಾತ್ರ ಅಂತ ಅವನಿಗೆ ಆಗ ಗೊತ್ತಾಯಿತು.

"ಇದು ಕಬ್ಬಿಣದ ನಕಲ್ ಅಂತ ಹೇಳುತ್ತಿದ್ದೇನೆ. ಅಲ್ಯೂಮಿನಿಯಂ ಇರುವ ಗಾಡಿಗೆ ಹೋಗಿ ಹೀಗೆ ಬಡಿಯಬೇಡ. ಇನ್ನೊಂದು, ನಟ್ಟನ್ನು ಪೂರ್ತಿ ತೆಗೆಯಬಾರದು. ಕೆಲವು ಸುತ್ತು ಸಡಿಲ ಮಾಡಿ ಬಾಲದ ಮೇಲೇ ಬಿಡಬೇಕು. ಆರ್ಮಿನ ಕೆಳಗೆ ಜಾಕ್ ಇರಲೇಬೇಕು. ಸ್ಪ್ರಿಂಗಿನಲ್ಲಿ ಗಾಡಿಯ ಆ ಮೂಲೆಯ ಭಾರವೆಲ್ಲ ಅಡಗಿ ಕೂತಿದೆ. ಜಾಕ್ ಇಲ್ಲದೆ ಟೇಪರ್ ಬಿಟ್ಟರೆ ಆರ್ಮು ಕೆಳಗೆ ಚಿಮ್ಮುತ್ತದೆ."

"ಚಿಮ್ಮಿದರೆ?"

"ಹೊಡೆತ ಚೆನ್ನಾಗಿ ಬಿತ್ತು ಅಂತ ಹೇಳಲು ನಿನಗೆ ಹಲ್ಲು ಇರುವುದಿಲ್ಲ."

ಹಳೆಯ ಕೆಳಗಿನ ಜಾಯಿಂಟು ಆರ್ಮಿನೊಳಗೆ ಒತ್ತಿ ಕೂರಿಸಿದ್ದು. ಲಾಕ್ ರಿಂಗ್ ತೆಗೆದು, ಇಂಗ್ಲಿಷಿನ ಸಿ ಅಕ್ಷರದ ಆಕಾರದ ಪ್ರೆಸ್ಸಿನಿಂದ ನೇರವಾಗಿ ಒತ್ತಿ ತೆಗೆಯಬೇಕು. ಗಟ್ಟಿ ಹಿಡಿದಿದ್ದರೆ ಆರ್ಮನ್ನು ಬಿಸಿ ಮಾಡುವುದುಂಟು. ಸುತ್ತಿಗೆ ಆಗಲೇ ಬೆಂಕಿ ಉಗುಳುವ ಗ್ಯಾಸ್ ಟಾರ್ಚು ತಂದಿದ್ದ. ಒಲೆ ಇರುವ ವ್ಯಾನಿನಲ್ಲಿ ಗ್ಯಾಸ್ ಸಿಲಿಂಡರೂ ಇರುತ್ತದೆ ಅನ್ನುವ ಸಣ್ಣ ವಿಷಯ ಅವನ ತಲೆಗೆ ಹೊಳೆದಿರಲಿಲ್ಲ. ಯಜಮಾನ ಸಿಲಿಂಡರನ್ನು ತಬ್ಬಿಕೊಂಡು ದೂರ ಓಡಿದ ವೇಗ ನೋಡಿದರೆ ಅವನ ಸೊಂಟದ ಕೀಲುಗಳಿಗೆ ಏನೂ ಆಗಿಲ್ಲ.

"ಹೊಸದನ್ನು ಫ್ರೀಜರಿನಲ್ಲಿ ಇಟ್ಟರೆ ಕುಗ್ಗುತ್ತದಂತೆ, ಸುಲಭವಾಗಿ ಕೂರುತ್ತದಂತೆ" ಎಂದೆ ನಾನು. ಮೇಷ್ಟ್ರು ತಕ್ಷಣ ಲೆಕ್ಕ ಹಾಕಿದರು. 50 ಮಿಲಿಮೀಟರ್ ಅಗಲದ ಉಕ್ಕಿನ ಜಾಯಿಂಟು 40 ಡಿಗ್ರಿ ತಣ್ಣಗಾದರೆ ಕುಗ್ಗುವುದು ಸುಮಾರು 0.024 ಮಿಲಿಮೀಟರ್.

"ಇಷ್ಟೇನಾ? ಇದಕ್ಕೆ ನನ್ನ ಫ್ರಿಜ್ಜು ಬೇಕಾ?"

"ಬಿಗಿ ಇರುವುದೂ ಕೂದಲೆಳೆಯ ಲೆಕ್ಕದಲ್ಲೇ ಕಣೋ. ಅಷ್ಟು ಸಿಕ್ಕರೂ ಲಾಭ." ಮಾರ್ಗದಲ್ಲೇ ಫ್ರೀಜರ್ ಹೊತ್ತುಕೊಂಡು ಬರುವ ಗಾಡಿ ಬೇರೆ ಯಾವುದಿದೆ? ಕ್ಯಾಂಪರ್ ವ್ಯಾನಿನ ಪರವಾಗಿ ಆ ದಿನ ಕೇಳಿಬಂದ ಒಳ್ಳೆಯ ಮಾತು ಅದೊಂದೇ.

ಯಾಕೆಂದರೆ ಮಿಕ್ಕಿದ್ದೆಲ್ಲ ತೊಂದರೆಯೇ. ಟ್ಯಾಂಕಿನಲ್ಲಿ 100 ಲೀಟರ್ ನೀರಿದ್ದರೆ 100 ಕಿಲೋ, ಎತ್ತುವ ಮೊದಲು ಅದನ್ನು ಖಾಲಿ ಮಾಡಬೇಕು. ಮುಂದೆ ಎತ್ತಿದಾಗ ಕಪಾಟಿನ ಬಾಗಿಲು ತೆರೆದು ಒಳಗಿದ್ದದ್ದು ಸಾಲಾಗಿ ಹಿಂದಕ್ಕೆ ಜಾರುತ್ತದೆ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಬೇಕು. ಜಾಕ್ ಎತ್ತುವುದಕ್ಕೆ ಮಾತ್ರ, ಗಾಡಿ ನಿಲ್ಲಬೇಕಾದದ್ದು ಸ್ಟ್ಯಾಂಡಿನ ಮೇಲೆ. ಮುಂದಿನ ಚಕ್ರ ಮೇಲಿದೆಯಲ್ಲ, ಸುಮ್ನೆ ಗೇರ್ ಹಾಕಿ ಸದ್ದು ಕೇಳೋಣ ಅಂತ ಯಜಮಾನ ಒಂದು ಐಡಿಯಾ ಕೊಟ್ಟ. ಹಿಂದಿನ ಎರಡು ಚಕ್ರಕ್ಕೂ ಶಕ್ತಿ ಹೋಗುತ್ತದೆ, ಅವು ನೆಲದ ಮೇಲಿವೆ, ಗಾಡಿ ಸ್ಟ್ಯಾಂಡಿನಿಂದ ಇಳಿದು ತಾನೇ ಪ್ರವಾಸ ಹೊರಡುತ್ತದೆ ಅಂತ ಅವನಿಗೆ ವಿವರಿಸಬೇಕಾಯಿತು.

ಫೋರ್ ವೀಲ್ ಡ್ರೈವಿನ ಇನ್ನೊಂದು ಕಾಟ, ಚಕ್ರಕ್ಕೆ ಶಕ್ತಿ ಒಯ್ಯಲು ನಕಲಿನ ನಡುವೆ ತೂರಿ ಬರುವ ಡ್ರೈವ್ ಶಾಫ್ಟು. ಪ್ರೆಸ್ ಇಡುವ ಜಾಗದಲ್ಲೇ ಅದು ಅಡ್ಡ ನಿಂತಿರುತ್ತದೆ. ಅದನ್ನು ಬಿಚ್ಚುವುದಾದರೆ ದೊಡ್ಡ ನಟ್ಟನ್ನು ಚಕ್ರ ನೆಲದ ಮೇಲಿದ್ದಾಗಲೇ ಸಡಿಲ ಮಾಡಬೇಕು. ಸಡಿಲ ಮಾಡಿದ ಮೇಲೆ ಗಾಡಿಯನ್ನು ಉರುಳಿಸಬಾರದು, ಬೇರಿಂಗ್ ಹಾಳಾಗುತ್ತದೆ. ಬಿಚ್ಚದೆ ನಕಲನ್ನು ಪಕ್ಕಕ್ಕೆ ಎಳೆದರೆ ಶಾಫ್ಟಿನ ಒಳಗಿನ ಜಾಯಿಂಟು ಕಳಚುತ್ತದೆ. ಬ್ರೇಕ್ ಕ್ಯಾಲಿಪರನ್ನು ಅದರ ಪೈಪಿಗೇ ನೇತು ಹಾಕಬಾರದು, ತಂತಿಯಲ್ಲಿ ಕಟ್ಟಬೇಕು. ಎಬಿಎಸ್ ವೈರು ಎಲ್ಲೋ ಸಿಕ್ಕಿಕೊಂಡಿರುತ್ತದೆ. ಇಷ್ಟು ಕೇಳುವಷ್ಟರಲ್ಲಿ ಯಜಮಾನ "ಬಸ್ಸಿನಲ್ಲೂ ಪ್ರವಾಸ ಚೆನ್ನಾಗಿರುತ್ತದಲ್ವಾ?" ಎಂದು ಮೆಲ್ಲಗೆ ಅತ್ತಿಗೆಯನ್ನು ಕೇಳುತ್ತಿದ್ದ.

ಜೋಡಿಸುವಾಗ ಸುತ್ತಿಗೆಗೆ ಒಂದೇ ನಿರಾಸೆ. ಟೇಪರಿಗೆ ಗ್ರೀಸ್ ಹಚ್ಚುವಂತಿಲ್ಲ, ಒಣ ಬಟ್ಟೆಯಲ್ಲಿ ಒರೆಸಿ ಕೂರಿಸಬೇಕು. ನಟ್ಟನ್ನು ಮೈಮೇಲೆ ಬಂದವರ ಹಾಗೆ ತಿರುಗಿಸುವಂತಿಲ್ಲ, ಬಿಗಿಯನ್ನು ಅಳೆದು ಹೇಳುವ ಟಾರ್ಕ್ ರೆಂಚಿನಲ್ಲಿ ಪುಸ್ತಕ ಹೇಳಿದಷ್ಟೇ. ನಟ್ ಕಳಚದಂತೆ ತಡೆಯಲು ಅಡ್ಡಕ್ಕೆ ತೂರಿಸುವ ಸಣ್ಣ ಪಿನ್ನೊಂದಿದೆ, ಅದು ಸ್ಪ್ಲಿಟ್ ಪಿನ್. "ಸ್ಪ್ಲಿಟ್ ಪಿನ್ನಿನ ತೂತು ಸರಿಗೆ ಬರದಿದ್ದರೆ ನಟ್ಟನ್ನು ಸ್ವಲ್ಪ ಹಿಂದಕ್ಕೆ ತಿರುಗಿಸುತ್ತೇನೆ" ಎಂದ ಅವನು. ಮೇಷ್ಟ್ರು ಕನ್ನಡಕದ ಕಡೆ ಕೈ ಒಯ್ದರು. "ಸರಿ ಸರಿ, ಮುಂದಕ್ಕೇ ತಿರುಗಿಸುತ್ತೇನೆ" ಎಂದು ತಾನೇ ತಿದ್ದಿಕೊಂಡ. ಪಿನ್ನು ಹೊಸದೇ ಇರಬೇಕು. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು, ಇಲ್ಲದಿದ್ದರೆ ಹೊಸ ಜಾಯಿಂಟಿನ ಮೇಲೆ ಹೊಸ ಟೈರೂ ಕೊಳ್ಳಬೇಕಾಗುತ್ತದೆ.

ಕೆಲಸ ಹಂಚಿಕೊಂಡೆವು. ಸುತ್ತಿಗೆಗೆ ನಕಲಿನ ಪಕ್ಕ. ಮೇಷ್ಟ್ರಿಗೆ ಟಾರ್ಕ್ ರೆಂಚು. ನನಗೆ ನಟ್ಟು ಬೋಲ್ಟುಗಳನ್ನು ಯಾವುದು ಯಾವ ಕಡೆಯದು ಅಂತ ಡಬ್ಬದಲ್ಲಿ ಬೇರೆ ಬೇರೆ ಇಡುವ ಕೆಲಸ. ಎರಡು ದಿನ ಹಿಡಿಯಬಹುದು ಎಂದರು ಮೇಷ್ಟ್ರು.

"ಹಾಗಾದರೆ ರಾತ್ರಿ ಎಲ್ಲರೂ ಇಲ್ಲೇ ಇರಿ" ಎಂದ ಯಜಮಾನ ದೊಡ್ಡ ಮನಸ್ಸಿನಿಂದ. "ವ್ಯಾನಿನಲ್ಲಿ ಹಾಸಿಗೆ ಇದೆ."

"ಸ್ಟ್ಯಾಂಡಿನ ಮೇಲೆ ಇರುವ ವ್ಯಾನಿನಲ್ಲಾ?" ಎಂದು ಮೂವರೂ ಒಟ್ಟಿಗೆ ಕೂಗಿದೆವು.

"ಅಲ್ಲಾಡದೆ ಮಲಗಿದರೆ ಆಯಿತಪ್ಪ" ಎಂದ ಅವನು. ಅತ್ತಿಗೆ ಬ್ಯಾಗಿನಿಂದ ಕೀಲಿ ತೆಗೆದು, ವ್ಯಾನಿನ ಹಿಂಬಾಗಿಲಿಗೂ ಬೀಗ ಹಾಕಿ ಬಂದರು.