ಅಪಘಾತದ ಸಿಮ್ಯುಲೇಶನ್ ಕೋರ್ಟಿನಲ್ಲಿ ನಿಲ್ಲುತ್ತದಾ? ಅನುಭವ ಇದ್ದವರು ಹೇಳಿ

ಶಿರಾ ಹುಡುಗ: ಅಪ್ಪನ ಬೈಕಿಗೆ ಹೈವೇಯಲ್ಲಿ ಲಾರಿ ಗುದ್ದಿತು. ಕಾಲಿಗೆ ರಾಡ್ ಹಾಕಿದ್ದಾರೆ. ಎಂಎಸಿಟಿಯಲ್ಲಿ, ಅಂದರೆ ಅಪಘಾತ ಪರಿಹಾರದ ಟ್ರಿಬ್ಯುನಲ್‌ನಲ್ಲಿ, ಕ್ಲೇಮ್ ನಡೀತಿದೆ. ತಪ್ಪಿನಲ್ಲಿ ಅರ್ಧ ಅಪ್ಪನದೇ ಅಂತ ಇನ್ಶೂರೆನ್ಸ್ ಕಡೆಯವರ ವಾದ. ಒಬ್ಬ ಇಂಜಿನಿಯರಿಂಗ್ ಮೇಷ್ಟ್ರು ಅಪಘಾತವನ್ನು ಕಂಪ್ಯೂಟರಿನಲ್ಲಿ ಮತ್ತೆ ಮಾಡಿ ತೋರಿಸುತ್ತೇನೆ, 60,000 ಆಗುತ್ತದೆ ಅಂದಿದ್ದಾರೆ. ಮಾಡಿಸಲಾ?

ಹುಬ್ಬಳ್ಳಿ ಅಕ್ಕ: ತಮ್ಮಾ, ನಾನು 85,000 ಕೊಟ್ಟು ಕೈ ಸುಟ್ಟುಕೊಂಡವಳು. ನಮ್ಮ ಯಜಮಾನರ ಕೇಸು. ಮೇಷ್ಟ್ರ ಫೀಸು 60,000. ಡ್ರೋನ್ ಹುಡುಗನಿಗೆ 12,000. ಮಿಕ್ಕಿದ್ದೆಲ್ಲ ಮೇಷ್ಟ್ರು ಸಾಕ್ಷಿ ಹೇಳಲು ಮೂರು ಸಲ ಬಂದುಹೋದ ಕಾರು, ಲಾಡ್ಜು, ಊಟ. ಅದರಲ್ಲಿ ಎರಡು ಸಲ ಜಡ್ಜ್ ರಜೆ.

ವಿಡಿಯೋ ಚೆಂದವೇ ಇತ್ತು. ಲಾರಿ ಬರುತ್ತದೆ, ಬ್ರೇಕ್ ಒತ್ತುತ್ತಾನೆ, ಟೈರ್ 18 ಮೀಟರ್ ಉಜ್ಜುತ್ತದೆ. ಪಾಟೀ ಸವಾಲಿನಲ್ಲಿ ಆ ಕಡೆ ವಕೀಲರು ಕೇಳಿದ್ದು ಇಷ್ಟೇ: ‘ರಸ್ತೆಯ ಹಿಡಿತಕ್ಕೆ ಎಷ್ಟು ಹಾಕಿದ್ದೀರಿ?’ 0.7 ಅಂದರು. ‘ಆವತ್ತು ಮಳೆ ಬಂದಿತ್ತು, ಗೊತ್ತಾ?’ ಮೇಷ್ಟ್ರು ಗಪ್‌ಚಿಪ್. 0.7 ಹಾಕಿದರೆ ಲಾರಿಯ ವೇಗ ಗಂಟೆಗೆ ಸುಮಾರು 57 ಕಿ.ಮೀ. ಒದ್ದೆ ರಸ್ತೆ ಅಂತ 0.4 ಹಾಕಿದರೆ 43. ಕಟಕಟೆಯಲ್ಲೇ ಕ್ಯಾಲ್ಕುಲೇಟರ್ ಕೊಟ್ಟು ಅವರ ಕೈಯಿಂದಲೇ ಲೆಕ್ಕ ಮಾಡಿಸಿದರು. ನಮ್ಮ ದುಡ್ಡಿನಲ್ಲಿ ಎದುರುಪಾರ್ಟಿಗೆ ಸಾಕ್ಷಿ ತಂದುಕೊಟ್ಟ ಹಾಗಾಯಿತು.

ಕೊನೆಗೆ ನಮ್ಮನ್ನು ಉಳಿಸಿದ್ದು ಪೊಲೀಸರ ಸ್ಪಾಟ್ ಮಹಜರು, ಅದರ ಜೊತೆಗಿದ್ದ ಕೈನಕ್ಷೆ. ಟೈರ್ ಗುರುತು ಮಧ್ಯದ ಗೆರೆ ದಾಟಿ ನಮ್ಮ ಕಡೆ ಬಂದಿದ್ದು ಅದರಲ್ಲಿತ್ತು. ನಕಲು ತೆಗೆಸಲು ನೂರು ರೂಪಾಯಿಯೂ ಆಗಲಿಲ್ಲ.

ದಾವಣಗೆರೆ ಗೋಡೆ: ಮೇಡಂ, ತಪ್ಪು ನಿಮ್ಮ ಮೇಷ್ಟ್ರದು, ಪ್ರಯೋಗದ್ದಲ್ಲ. ನಾನು ಪ್ರಯೋಗದಿಂದಲೇ ಗೆದ್ದವನು. ಪಕ್ಕದ ರೈಸ್‌ಮಿಲ್ ಅದುರಿ ನಮ್ಮ ಗೋಡೆ ಬಿರುಕು ಬಿಟ್ಟಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆ (ಸಿಪಿಸಿ) ಆರ್ಡರ್ 26 ರೂಲ್ 10ಎ ಕೆಳಗೆ, ವೈಜ್ಞಾನಿಕವಾಗಿ ಪರೀಕ್ಷೆ ಮಾಡಿಸಲು ಕೋರ್ಟ್ ನೇಮಿಸುವ ಕಮಿಷನರ್ ಬೇಕು ಅಂತ ಅರ್ಜಿ ಹಾಕಿದೆವು. ‘ಸಾಕ್ಷ್ಯ ಕಲೆಹಾಕುವುದು ಕಮಿಷನರ್ ಕೆಲಸವಲ್ಲ’ ಅಂತ ಮೊದಲನೇ ಸಲ ವಜಾ. ಹೈಕೋರ್ಟಿಗೆ ಹೋಗಿಬರಲು 14 ತಿಂಗಳು.

ಕೊನೆಗೆ ಕಮಿಷನರ್ ಸಿಕ್ಕ ಮೇಲೆ ಬಿರುಕಿಗೆ ಅಡ್ಡಲಾಗಿ ಏಳು ಕಡೆ ಗಾಜಿನ ಪಟ್ಟಿ ಅಂಟಿಸಿದರು. ಗೋಡೆ ಸರಿದರೆ ಗಾಜು ಒಡೆಯಬೇಕು. ಎರಡು ದಿನ ಮಿಲ್ ಓಡಿತು, ಒಂದೂ ಒಡೆಯಲಿಲ್ಲ! ನನಗೆ ಎದೆ ಧಸಕ್ ಅಂದಿತು. ನೋಡಿದರೆ ಮಿಲ್ಲಿನ ಆಸಾಮಿ ಅರ್ಧ ಲೋಡಿನಲ್ಲಿ ಮಿಷನ್ ಓಡಿಸುತ್ತಿದ್ದ. ಕರೆಂಟ್ ಮೀಟರ್ ರೀಡಿಂಗ್ ಕಮಿಷನರಿಗೆ ತೋರಿಸಿದೆ. ಮೂರನೇ ದಿನ ಪೂರ್ತಿ ಲೋಡ್. ಮಧ್ಯಾಹ್ನ ಊಟದ ಹೊತ್ತಿಗೆ ನಾಲ್ಕು ಪಟ್ಟಿ ಚಟ್ ಚಟ್ ಅಂತ ಹೋದವು. ಕಮಿಷನರ್ ಫೀಸು 15,000, ಇಂಜಿನಿಯರಿಗೆ 40,000. ಒಂದು ರೂಪಾಯಿಗೂ ಬೇಜಾರಿಲ್ಲ. ಎರಡೂ ಪಾರ್ಟಿಗೆ ನೋಟಿಸ್ ಕೊಟ್ಟು, ಅವರೆದುರೇ ಮಾಡಿದ್ದಕ್ಕೆ ನಿಂತಿತು.

ಹಳೇ ಗುಮಾಸ್ತ: ಗೋಡೆ ಸಾಹೇಬರೇ, ನಿಮ್ಮದು ಸಿವಿಲ್ ದಾವೆ. ಹುಡುಗ ಕೇಳಿದ್ದು ಕ್ಲೇಮ್ ಕೇಸು. ತಜ್ಞರ ಅಭಿಪ್ರಾಯ ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 45ನೇ ಸೆಕ್ಷನ್, 2024ರ ಜುಲೈ 1ರಿಂದ ಬಂದ ಹೊಸದರಲ್ಲಿ 39. ಸುಮ್ನೆ ಅಭಿಪ್ರಾಯ ಹೇಳಿದರೆ ಸಾಲದು, ಕಾರಣ ಮತ್ತು ಲೆಕ್ಕ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ರಮೇಶಚಂದ್ರ ಅಗರವಾಲ್ ಕೇಸಿನಲ್ಲೇ ಹೇಳಿದೆ. ಅದರ ಮೇಲೆ ವಿಡಿಯೋ ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ 65ಬಿ ಸರ್ಟಿಫಿಕೇಟ್, ಅಂದರೆ ಎಲೆಕ್ಟ್ರಾನಿಕ್ ಸಾಕ್ಷ್ಯದ ದೃಢೀಕರಣ ಪತ್ರ, ಬೇಕು.

ದಾವಣಗೆರೆ ಗೋಡೆ: 65ಬಿ ಹೋಗಿ 63 ಬಂದಿದೆ ಸ್ವಾಮಿ. ಎ, ಬಿ ಅಂತ ಎರಡು ಭಾಗ. ಬಿ ಭಾಗಕ್ಕೆ ತಜ್ಞರ ಸಹಿ. ಅದೂ ಅಲ್ಲದೆ ಎಂಎಸಿಟಿಯದು ಸಂಕ್ಷಿಪ್ತ ವಿಚಾರಣೆ, ಸಾಕ್ಷ್ಯ ಕಾಯ್ದೆ ಅಲ್ಲಿ ಅಷ್ಟು ಬಿಗಿಯಾಗಿಲ್ಲ. ಅರ್ಧ ಓದಿ ಹೆದರಿಸಬೇಡಿ.

ಹಳೇ ಗುಮಾಸ್ತ: ವಿಚಾರಣೆ ಆಗಲೇ ನಡೆಯುತ್ತಿದ್ದ ಕೇಸಿಗೆ ಹಳೇ ಕಾಯ್ದೆಯೇ. ನಾನು 31 ವರ್ಷ ಕಡತ ಹೊತ್ತವನು. ನೀವು ಒಂದು ಗೋಡೆ ಗೆದ್ದು ನನಗೆ ಕಾನೂನು ಹೇಳಬೇಡಿ.

ಹುಬ್ಬಳ್ಳಿ ಅಕ್ಕ: ಬಿಗಿಯಾಗಿಲ್ಲ ಅಂದರೆ ಏನ್ರೀ? ವಿಡಿಯೋ ಒಳಗೆ ತಗೊಂಡರು, ಅದು ನಿಜ. ತೀರ್ಪಿನಲ್ಲಿ ಅದಕ್ಕೆ ಸಿಕ್ಕಿದ್ದು ಒಂದೂವರೆ ಸಾಲು. ತಗೊಳ್ಳುವುದು ಬೇರೆ, ನಂಬುವುದು ಬೇರೆ.

ಭಾವನ ಕೇಸು: ನಮ್ಮದು ಕ್ರಿಮಿನಲ್. ರಾತ್ರಿ ಹತ್ತಕ್ಕೆ 60 ಅಡಿ ದೂರದಿಂದ ಭಾವನ ಮುಖ ನೋಡಿದೆ ಅಂತ ಸಾಕ್ಷಿ ಹೇಳಿದ. ಅದೇ ಜಾಗ, ಅದೇ ಹೊತ್ತು, ನಿಂತು ನೋಡೋಣ ಅಂತ ನಮ್ಮ ಹಠ. ನಾವೇ ಒಂದು ಅಮಾವಾಸ್ಯೆ ಹೋಗಿ ವಿಡಿಯೋ ತೆಗೆದೆವು. ಕ್ಯಾಮೆರಾ ಹುಡುಗನಿಗೆ 9,000. ಅಲ್ಲಿ ಹೋದರೆ ಪಂಚಾಯಿತಿಯವರು ಹೊಸ ಎಲ್‌ಇಡಿ ದೀಪ ಹಾಕಿಸಿಬಿಟ್ಟಿದ್ದಾರೆ! ಭಾವನ ಮುಖ ಏನು, ಶರ್ಟಿನ ಗುಂಡಿಯೂ ಕಾಣುತ್ತಿತ್ತು. ವಿಡಿಯೋ ಇವತ್ತಿಗೂ ಬೀರುವಿನಲ್ಲಿದೆ. ಆಮೇಲೆ ಸಬ್‌ಸ್ಟೇಷನ್ನಿನ ಲಾಗ್ ಪುಸ್ತಕ ತರಿಸಿದೆವು. ಆ ರಾತ್ರಿ ಕರೆಂಟೇ ಇರಲಿಲ್ಲ. ಅದರಿಂದ ಬಿಡುಗಡೆ ಆಯಿತು.

ಮೈಸೂರು ಮಲ್ಲಿ: ಸಾಕ್ಷಿಗೆ ನಾರ್ಕೊ ಮಾಡಿಸಬೇಕಿತ್ತು.

ಹಳೇ ಗುಮಾಸ್ತ: ಒಪ್ಪಿಗೆ ಇಲ್ಲದೆ ಮಾಡುವ ಹಾಗಿಲ್ಲ ಅಂತ 2010ರಲ್ಲೇ ಸೆಲ್ವಿ ಕೇಸಿನಲ್ಲಿ ಆಗಿದೆ. ಅದೂ ನಮ್ಮ ಕರ್ನಾಟಕ ಸರ್ಕಾರದ ಮೇಲಿನ ಕೇಸು. ಟಿವಿ ನೋಡಿ ಬರೆಯಬೇಡಿ ತಾಯಿ.

ಮೈಸೂರು ಮಲ್ಲಿ: ನಾನು ತಾಯಿ ಅಲ್ಲ, ಸರ್. ಮಲ್ಲಿಕಾರ್ಜುನ.

ಶಿರಾ ಹುಡುಗ: ಅಣ್ಣಾ, ಅಕ್ಕಾ, 60,000 ಕೊಡಲೋ ಬೇಡವೋ?

ಹುಬ್ಬಳ್ಳಿ ಅಕ್ಕ: ಆವತ್ತು ಮಳೆ ಇತ್ತಾ? ರಸ್ತೆಗೆ ಆಮೇಲೆ ಹೊಸ ಡಾಂಬರು ಹಾಕಿದ್ದಾರಾ? ಮೇಷ್ಟ್ರನ್ನು ಮೊದಲು ಇಷ್ಟು ಕೇಳು. ‘ಅದೆಲ್ಲ ನೋಡ್ಕೊಳ್ಳೋಣ’ ಅಂದರೆ ಎದ್ದು ಬಾ.

ದಾವಣಗೆರೆ ಗೋಡೆ: ಎದ್ದು ಬರಬೇಡ. ಸೈಟಿಗೆ ಕರೆದುಕೊಂಡು ಹೋಗು.

ಭಾವನ ಕೇಸು: ಗೋಡೆ ಅಣ್ಣಾ, ಆ ಗಾಜಿನ ಪಟ್ಟಿ ಎಷ್ಟು ದಪ್ಪ ಇತ್ತು? ಯಾವುದರಿಂದ ಅಂಟಿಸಿದರು? ನಮ್ಮ ಪಕ್ಕದ ಸೈಟಿನಲ್ಲಿ ಅಡಿಪಾಯಕ್ಕೆ ಕಂಬ ಇಳಿಸುವ ಪೈಲಿಂಗ್ ಶುರುವಾಗಿದೆ.