ಪ್ರೊಜೆಕ್ಟರ್ ಚಿತ್ರ ಒಂದು ಕಡೆ ಮಸುಕು, ಮುಕ್ಕಾಲು ಗಂಟೆಗೆ ತಾನಾಗಿಯೇ ಆಫ್: ಎಲ್ಲಿಂದ ಸರಿಪಡಿಸುತ್ತಾ ಬರಬೇಕು?

ಪ್ರಶ್ನೆ: ಹಾಲ್‌ಉಸ್ತುವಾರಿ

ಎಲ್ಲರಿಗೂ ನಮಸ್ಕಾರ. ಸಭೆಗೂ ತರಗತಿಗೂ ಬಳಕೆಯಾಗುವ ಒಂದು ಹಾಲಿನಲ್ಲಿ ಪ್ರೊಜೆಕ್ಟರ್ ಸರಿಯಾಗಿ ಕೂರಿಸಬೇಕಿದೆ. ಯಂತ್ರ ತ್ರೀ-ಎಲ್‌ಸಿಡಿ ಬಗೆಯದು (ಒಳಗೆ ಚಿತ್ರ ಮೂಡಿಸುವ ಮೂರು ಪುಟ್ಟ ಎಲ್‌ಸಿಡಿ ಪ್ಯಾನೆಲ್ ಇರುವಂಥದ್ದು), ಲ್ಯಾಂಪ್ ಇರುವಂಥದ್ದು, 1920 × 1080 ಪಿಕ್ಸೆಲ್, 3500 ಲುಮೆನ್ಸ್ (ಯಂತ್ರ ಹೊರಬಿಡುವ ಬೆಳಕಿನ ಅಳತೆ). ಥ್ರೋ ರೇಶಿಯೊ (ಪರದೆಗಿರುವ ದೂರಕ್ಕೂ ಚಿತ್ರದ ಅಗಲಕ್ಕೂ ಇರುವ ಅನುಪಾತ) 1.3ರಿಂದ 1.56 ಎಂದು ಕೈಪಿಡಿಯಲ್ಲಿದೆ. ಲೆನ್ಸ್ ಶಿಫ್ಟ್ (ಯಂತ್ರ ಕದಲಿಸದೆ ಚಿತ್ರವನ್ನು ಮೇಲೆ-ಕೆಳಗೆ, ಅಕ್ಕಪಕ್ಕ ಸರಿಸುವ ಸೌಲಭ್ಯ) ಇಲ್ಲ. ಪರದೆ 120 ಇಂಚು, 16:9. ಈಗ ಅದು ಬಟ್ಟೆ ಹಾಸಿದ ಮೇಜಿನ ಮೇಲೆ, ಪರದೆಯಿಂದ 3 ಮೀಟರ್ ದೂರದಲ್ಲಿದೆ. ನಡುವೆ ಓಡಾಡಲು ದಾರಿ ಬೇಕೆಂದು ಎಡಕ್ಕೆ ಸರಿಸಿ ಇಡಲಾಗಿದೆ.

ತೊಂದರೆ ಹೀಗಿದೆ. ಝೂಮ್ ಪೂರ್ತಿ ದೊಡ್ಡದು ಮಾಡಿದರೂ ಚಿತ್ರ ಪರದೆ ತುಂಬುವುದಿಲ್ಲ. ಕೀಸ್ಟೋನ್‌ನಲ್ಲಿ (ಸೊಟ್ಟ ಚಿತ್ರ ನೇರ ಮಾಡುವ ಮೆನು ಸೆಟ್ಟಿಂಗ್) ನಾಲ್ಕು ಅಂಚು ನೇರ ಮಾಡಿದ ಮೇಲೂ ಎಡಭಾಗ ಸ್ಪಷ್ಟವಾದರೆ ಬಲಭಾಗ ಮಸುಕಾಗುತ್ತದೆ, ಸಣ್ಣ ಅಕ್ಷರ ಓದಲು ಕಷ್ಟ. ಸುಮಾರು ಮುಕ್ಕಾಲು ಗಂಟೆಗೆ ಟೆಂಪರೇಚರ್ ದೀಪ ಕೆಂಪಾಗಿ ಆಫ್ ಆಗುತ್ತದೆ. ಕಪ್ಪು ಹಿನ್ನೆಲೆ ಬಂದಾಗ ಒಂದೇ ಜಾಗದಲ್ಲಿ ಮಬ್ಬು ಹಸಿರು ಮಚ್ಚೆ ಕಾಣುತ್ತದೆ. ಹಗಲಿನಲ್ಲಿ ಚಿತ್ರ ತುಂಬಾ ಸಪ್ಪೆ. ಹೆಚ್ಚು ಲುಮೆನ್ಸ್‌ನ ಬೇರೆ ಯಂತ್ರವೇ ಬೇಕೆ, ಅಥವಾ ಇದನ್ನೇ ಸರಿಮಾಡಬಹುದೆ?

ಉತ್ತರ 1: ಬಿಳಿಪರದೆ

ಬೇರೆ ಯಂತ್ರ ಬೇಡ. ನೀವು ಹೇಳಿದ್ದರಲ್ಲಿ ಅರ್ಧಕ್ಕೂ ಹೆಚ್ಚು ತೊಂದರೆ ಯಂತ್ರ ಕೂತ ಜಾಗದಿಂದ ಬಂದದ್ದು. ಮೊದಲು ಜಾಗ, ಆಮೇಲೆ ಝೂಮ್, ಆಮೇಲೆ ಫೋಕಸ್. ಕೀಸ್ಟೋನ್ ಕೊನೆಗೆ, ಅದೂ ಬೇಕೇ ಬೇಕು ಅನಿಸಿದರೆ ಮಾತ್ರ.

ಲೆಕ್ಕ ಸರಳ: ದೂರ = ಚಿತ್ರದ ಅಗಲ × ಥ್ರೋ ರೇಶಿಯೊ. 120 ಇಂಚು ಎಂಬುದು ಕರ್ಣದ ಅಳತೆ. 16:9ರಲ್ಲಿ ಅದರ ಅಗಲ 2.66 ಮೀಟರ್, ಎತ್ತರ 1.49 ಮೀಟರ್. ಹಾಗಾಗಿ ನಿಮ್ಮ ಲೆನ್ಸ್ ಪರದೆಯಿಂದ 3.46ರಿಂದ 4.15 ಮೀಟರ್ ನಡುವೆ ಎಲ್ಲಾದರೂ ಇರಬೇಕು. 3 ಮೀಟರ್‌ನಲ್ಲಿ ಈ ಲೆನ್ಸ್‌ಗೆ ಸಿಗುವ ಅತಿ ದೊಡ್ಡ ಅಗಲ 2.3 ಮೀಟರ್ ಅಷ್ಟೇ, ಪರದೆ ತುಂಬುವ ಮಾತೇ ಇಲ್ಲ. ಅಳೆಯುವಾಗ ಟೇಪನ್ನು ಲೆನ್ಸ್‌ನ ಮುಂಭಾಗದಿಂದ ಹಿಡಿಯಿರಿ, ಯಂತ್ರದ ಹಿಂಭಾಗದಿಂದಲ್ಲ.

ಇನ್ನು ಆ ಮಸುಕು. ಪರದೆಯ ಎಡ ಅಂಚಿಗೂ ಬಲ ಅಂಚಿಗೂ ಲೆನ್ಸ್‌ನಿಂದ ಇರುವ ದೂರ ಬೇರೆ ಬೇರೆಯಾಗಿದೆ. ಫೋಕಸ್ ಒಂದು ದೂರಕ್ಕೆ ಕೂತರೆ ಇನ್ನೊಂದಕ್ಕೆ ತಪ್ಪುತ್ತದೆ. ಕೀಸ್ಟೋನ್ ಮಾಡುವುದು ಪ್ಯಾನೆಲ್ ಮೇಲಿನ ಚಿತ್ರವನ್ನು ಉಲ್ಟಾ ಸೊಟ್ಟ ಮಾಡಿ, ಪರದೆ ಮೇಲೆ ನೇರ ಕಾಣಿಸುವ ಕೆಲಸ ಮಾತ್ರ. ಲೆನ್ಸ್‌ನ ಫೋಕಸ್‌ಗೂ ಅದಕ್ಕೂ ಸಂಬಂಧವಿಲ್ಲ. ಜೊತೆಗೆ ಒಂದಿಷ್ಟು ಪಿಕ್ಸೆಲ್ ಕೆಲಸಕ್ಕೆ ಬಾರದೆ ಹೋಗುತ್ತವೆ, ಉಳಿದವುಗಳಲ್ಲಿ ಅಕ್ಷರದ ಗೆರೆಗಳು ಪಕ್ಕದ ಪಿಕ್ಸೆಲ್‌ಗೆ ಹರಡುತ್ತವೆ. ಕತ್ತಲಲ್ಲಿ ಚಿತ್ರದ ಸುತ್ತ ಮಂದ ಬೂದು ಅಂಚು ಕಾಣುತ್ತಿದ್ದರೆ ಅದು ಹಾಗೆ ಬಿಟ್ಟುಹೋದ ಪಿಕ್ಸೆಲ್‌ಗಳ ಜಾಗ.

ಹೀಗೆ ಮಾಡಿ. ಮೆನುವಿನಲ್ಲಿ ಆಟೋ ಕೀಸ್ಟೋನ್ ಆಫ್ ಮಾಡಿ, ಅಡ್ಡ-ಉದ್ದ ಎರಡೂ ಕೀಸ್ಟೋನ್ ಸೊನ್ನೆಗೆ ತನ್ನಿ. ಕಾರ್ನರ್ ಕರೆಕ್ಷನ್ ಇದ್ದರೆ ಅದನ್ನೂ ರಿಸೆಟ್ ಮಾಡಿ. ಪರದೆಯ ಅಗಲದ ನಡುಬಿಂದು ಗುರುತಿಸಿ, ಅಲ್ಲಿಂದ ಪರದೆಗೆ ಲಂಬವಾಗಿ ನೆಲದ ಮೇಲೆ ದಾರ ಎಳೆಯಿರಿ. ಯಂತ್ರದ ನಡು ಅಲ್ಲ, ಲೆನ್ಸ್‌ನ ನಡು ಆ ದಾರದ ನೇರಕ್ಕೆ ಬರಬೇಕು. ಬಹಳಷ್ಟು ಯಂತ್ರಗಳಲ್ಲಿ ಲೆನ್ಸ್ ಒಂದು ಪಕ್ಕಕ್ಕಿರುವುದರಿಂದ ಇಲ್ಲೇ ಹೆಚ್ಚಾಗಿ ತಪ್ಪುವುದು. ನಂತರ ಸ್ಪಿರಿಟ್ ಲೆವೆಲ್ ಇಟ್ಟು ಕಾಲುಗಳನ್ನು ತಿರುಗಿಸಿ ಸಮ ಮಾಡಿ. ಲೆನ್ಸ್ ಶಿಫ್ಟ್ ಇಲ್ಲದ ಯಂತ್ರದಲ್ಲಿ ಚಿತ್ರದ ಕೆಳ ಅಂಚು ಸಾಮಾನ್ಯವಾಗಿ ಲೆನ್ಸ್ ಮಟ್ಟದ ಆಸುಪಾಸಿಗೋ ಅದಕ್ಕಿಂತ ಸ್ವಲ್ಪ ಮೇಲಕ್ಕೋ ಬೀಳುತ್ತದೆ. ಮೇಜಿನ ಎತ್ತರ ಅದಕ್ಕೆ ತಕ್ಕಂತಿರಲಿ. ಮುಂದಿನ ಕಾಲು ಎತ್ತಿ ಮೂತಿ ಮೇಲೆ ಮಾಡಿದರೆ ಮತ್ತೆ ಚಿತ್ರದ ಮೇಲ್ಭಾಗ ಅಗಲವಾಗುತ್ತದೆ.

ಫೋಕಸ್ ಮಾತ್ರ ಆನ್ ಮಾಡಿದ ಕೂಡಲೇ ಅಂತಿಮಗೊಳಿಸಬೇಡಿ. 20-30 ನಿಮಿಷ ಓಡಿ ಬಿಸಿಯಾದ ಮೇಲೆ ಲೆನ್ಸ್ ತುಸು ಹಿಗ್ಗಿ ಫೋಕಸ್ ಜರುಗುತ್ತದೆ. ಆಗ ಯಂತ್ರದೊಳಗಿನ ಟೆಸ್ಟ್ ಪ್ಯಾಟರ್ನ್ ಹಾಕಿ, ಪರದೆಯ ಹತ್ತಿರ ಒಬ್ಬರನ್ನು ನಿಲ್ಲಿಸಿ, ಅವರು ಹೇಳಿದಂತೆ ರಿಂಗ್ ತಿರುಗಿಸಿ.

ಉತ್ತರ 2: ಫ್ಯಾನ್‌ಗಾಳಿ

ಆಫ್ ಆಗುವ ವಿಷಯಕ್ಕೆ ಬರುತ್ತೇನೆ. ಇದನ್ನು ಮೊದಲು ಸರಿಪಡಿಸಿ, ಉಳಿದದ್ದು ಆಮೇಲೆ. ಕೆಂಪು ದೀಪ ಬಂದ ಮೇಲೂ ಮತ್ತೆ ಮತ್ತೆ ಆನ್ ಮಾಡಿ ಓಡಿಸಿದರೆ ಲ್ಯಾಂಪ್ ಜೊತೆಗೆ ಪ್ಯಾನೆಲ್ ಮುಂದಿನ ಪೋಲರೈಜರ್ ಹಾಳೆಯೂ (ಬೆಳಕನ್ನು ಸೋಸುವ ತೆಳು ಪದರ) ಸುಡುತ್ತದೆ. ಅದು ಸುಟ್ಟರೆ ಚಿತ್ರ ಹಳದಿಗೋ ನೀಲಿಗೋ ತಿರುಗುತ್ತದೆ, ರಿಪೇರಿ ಬಲು ದುಬಾರಿ.

ಮೇಜಿನ ಬಟ್ಟೆ ಇವತ್ತೇ ತೆಗೆಯಿರಿ. ಎಷ್ಟೋ ಮಾದರಿಗಳು ಅಡಿಯಿಂದ ಗಾಳಿ ಎಳೆದುಕೊಳ್ಳುತ್ತವೆ, ಬಟ್ಟೆ ಹೀರಿ ಜಾಲರಿಗೆ ಅಂಟಿಕೊಂಡರೆ ಗಾಳಿಯೇ ಇಲ್ಲ. ಸುತ್ತ ಕನಿಷ್ಠ 30 ಸೆಂಟಿಮೀಟರ್ ಖಾಲಿ ಇರಲಿ. ಬಿಸಿಗಾಳಿ ಬರುವ ಬದಿಯಲ್ಲಿ ಗೋಡೆ, ಪುಸ್ತಕ, ಲ್ಯಾಪ್‌ಟಾಪ್ ಏನೂ ಬೇಡ. ಬಿಸಿಗಾಳಿ ಗೋಡೆಗೆ ಬಡಿದು ತಿರುಗಿ ಒಳಕ್ಕೇ ಹೋಗುವುದುಂಟು.

ಆಮೇಲೆ ಏರ್ ಫಿಲ್ಟರ್. ಆಫ್ ಮಾಡಿ, ಫ್ಯಾನ್ ನಿಂತ ಮೇಲೆ ಪ್ಲಗ್ ಕಿತ್ತು, ಫಿಲ್ಟರ್ ಹೊರತೆಗೆದು, ಮೆದು ಬ್ರಷ್ ಅಥವಾ ಸಣ್ಣ ವ್ಯಾಕ್ಯೂಮ್‌ನಿಂದ ಹೊರಮೈಯಿಂದ ದೂಳು ಎಳೆಯಿರಿ. ನೀರಲ್ಲಿ ತೊಳೆಯಬಹುದು ಎಂದು ಕೈಪಿಡಿಯಲ್ಲಿದ್ದರೆ ಮಾತ್ರ ತೊಳೆಯಿರಿ, ಪೂರ್ತಿ ಒಣಗದೆ ಹಾಕಬೇಡಿ. ಹರಿದಿದ್ದರೆ ಬದಲಿಸಿ. ಫಿಲ್ಟರ್ ಇಲ್ಲದೆ ಓಡಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಲೇಬೇಡಿ. ಡಬ್ಬಿಯ ಗಾಳಿ ಸ್ಪ್ರೇ ಸಹ ಬೇಡ: ದೂಳನ್ನು ಇನ್ನೂ ಒಳಕ್ಕೆ ತಳ್ಳುತ್ತದೆ, ಹಲವು ಸ್ಪ್ರೇಗಳ ಅನಿಲ ಬಿಸಿ ಲ್ಯಾಂಪ್ ಬಳಿ ಹೊತ್ತಿಕೊಳ್ಳಬಲ್ಲದು. ದೂಳಿರುವ ಕಡೆ 100 ಗಂಟೆಗೊಮ್ಮೆ ಫಿಲ್ಟರ್ ನೋಡುವುದು ಒಳ್ಳೆಯದು. ಮೆನುವಿನ ಲ್ಯಾಂಪ್ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಪಕ್ಕಕ್ಕೆ ಅಂಟಿಸಿದರೆ ಮುಂದಿನ ಸರದಿ ಯಾವಾಗ ಎಂದು ಯಾರಿಗಾದರೂ ತಿಳಿಯುತ್ತದೆ.

ಹಾಲ್ ಎತ್ತರದ ಜಾಗದಲ್ಲಿದ್ದರೆ (ಸಾಮಾನ್ಯವಾಗಿ 1500 ಮೀಟರ್ ದಾಟಿದರೆ) ಹೈ ಆಲ್ಟಿಟ್ಯೂಡ್ ಮೋಡ್ ಆನ್ ಮಾಡಿ. ಅಲ್ಲಿ ಗಾಳಿ ತೆಳು, ಫ್ಯಾನ್ ಜೋರಾಗಿ ತಿರುಗಿದರೇ ತಂಪು. ಕೋಣೆಯ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋದರೆ ಇಕೋ ಮೋಡ್‌ಗೆ (ಲ್ಯಾಂಪ್ ಮಂದವಾಗಿ ಉರಿಯುವ ಸೆಟ್ಟಿಂಗ್) ಇಳಿಸಿ.

ಆಫ್ ಮಾಡುವ ಕ್ರಮವೂ ಮುಖ್ಯ. ರಿಮೋಟ್‌ನಲ್ಲಿ ಆಫ್ ಒತ್ತಿ, ಫ್ಯಾನ್ ನಿಲ್ಲುವವರೆಗೆ ಒಂದೆರಡು ನಿಮಿಷ ಕಾಯಿರಿ, ಆಮೇಲೆ ಗೋಡೆಯ ಸ್ವಿಚ್. ನೇರವಾಗಿ ಪ್ಲಗ್ ಕಿತ್ತರೂ ತೊಂದರೆಯಾಗದ ಹೊಸ ಮಾದರಿಗಳಿವೆ, ಆದರೆ ಕೈಪಿಡಿಯಲ್ಲಿ ಹಾಗೆ ಬರೆದಿದ್ದರೆ ಮಾತ್ರ ನಂಬಿ. ಪದೇ ಪದೇ ಕರೆಂಟ್ ಹೋಗುವ ಕಡೆ ಫ್ಯಾನ್ ತಂಪಾಗಿಸುವಷ್ಟು ಹೊತ್ತು ನಿಲ್ಲುವ ಯುಪಿಎಸ್ ಇರಲಿ. ಕರೆಂಟ್ ಬಂದ ಕೂಡಲೇ ಬಿಸಿ ಲ್ಯಾಂಪ್ ಹೊತ್ತಿಕೊಳ್ಳುವುದಿಲ್ಲ, ಅದು ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ತಣಿದ ಮೇಲೆ ಹೊತ್ತುತ್ತದೆ. ಹತ್ತು ನಿಮಿಷದ ವಿರಾಮಕ್ಕೆಲ್ಲ ಆಫ್ ಮಾಡಬೇಡಿ: ಪ್ರತಿ ಸಲ ಹೊತ್ತಿಸುವಾಗಲೂ ಲ್ಯಾಂಪಿನ ಎಲೆಕ್ಟ್ರೋಡ್ ಸವೆಯುತ್ತದೆ. ಎವಿ ಮ್ಯೂಟ್ ಒತ್ತಿ ಪರದೆ ಕಪ್ಪು ಮಾಡಿದರೆ ಸಾಕು. ಲೆನ್ಸ್ ಮುಂದೆ ರಟ್ಟು ಇಡುವುದು, ಮುಚ್ಚಳ ಹಾಕುವುದು ಮಾತ್ರ ಕೂಡದು, ಅಲ್ಲಿ ಸೇರುವ ಬೆಳಕಿನ ಬಿಸಿಗೆ ಪ್ಲಾಸ್ಟಿಕ್ ಕರಗುತ್ತದೆ, ಕಾಗದ ಹೊಗೆಯಾಡುತ್ತದೆ.

ಉತ್ತರ 3: ಬಿಳಿಪರದೆ

ಹಗಲಿನ ಸಪ್ಪೆತನಕ್ಕೆ ಒಂದು ಲೆಕ್ಕ ಬಿಟ್ಟುಹೋಗಿತ್ತು. ನಿಮ್ಮ ಪರದೆಯ ವಿಸ್ತೀರ್ಣ ಸುಮಾರು 3.96 ಚದರ ಮೀಟರ್. 3500 ಲುಮೆನ್ಸ್ ಅದರ ಮೇಲೆ ಹರಡಿದರೆ ಸುಮಾರು 880 ಲಕ್ಸ್ (ಒಂದು ಚದರ ಮೀಟರ್ ಮೇಲೆ ಬೀಳುವ ಲುಮೆನ್ಸ್). ಪರದೆಯ ಮೇಲೆ ಹಾಲಿನ ದೀಪಗಳಿಂದಲೇ 200 ಲಕ್ಸ್ ಬೀಳುತ್ತಿದ್ದರೆ ಕಪ್ಪು ಭಾಗ 200, ಬಿಳಿ ಭಾಗ 1080. ಅಂದರೆ ವ್ಯತ್ಯಾಸ ಐದು ಪಟ್ಟು ಚಿಲ್ಲರೆ. ಪರದೆ ಹತ್ತಿರದ ದೀಪ ಮಾತ್ರ ಆರಿಸಿ ಆ 200ನ್ನು 20ಕ್ಕೆ ಇಳಿಸಿದರೆ ವ್ಯತ್ಯಾಸ 45 ಪಟ್ಟಿಗೆ ಏರುತ್ತದೆ. ಎರಡು ಪಟ್ಟು ಲುಮೆನ್ಸ್‌ನ ಯಂತ್ರ ತಂದರೂ ದೀಪ ಹಾಗೇ ಉರಿಯುತ್ತಿದ್ದರೆ ಹತ್ತು ಪಟ್ಟೂ ದಾಟದು. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಬಿಡಲು ಬರುವುದಿಲ್ಲ, ಯಂತ್ರ ಆಫ್ ಇದ್ದಾಗ ಪರದೆ ಎಷ್ಟು ಕಪ್ಪಾಗಿ ಕಾಣುತ್ತದೋ ಅದಕ್ಕಿಂತ ಕಪ್ಪು ಯಾವತ್ತೂ ಸಿಗದು. ಮೊದಲ ಸಾಲಿನ ದೀಪಗಳಿಗೆ ಬೇರೆ ಸ್ವಿಚ್, ಪರದೆ ಎದುರಿನ ಕಿಟಕಿಗೆ ದಪ್ಪ ಪರದೆ, ಇವೆರಡಕ್ಕೆ ಮೊದಲು ಖರ್ಚು ಮಾಡಿ.

ಲ್ಯಾಂಪ್ ಹಳೆಯದಾಗಿದ್ದರೆ ಅದನ್ನೂ ಗಣನೆಗೆ ತೆಗೆದುಕೊಳ್ಳಿ. ಲ್ಯಾಂಪ್ ಆಯುಸ್ಸು ಎಂದು ಬರೆದಿರುವ ಗಂಟೆ ಸಾಮಾನ್ಯವಾಗಿ ಬೆಳಕು ಅರ್ಧಕ್ಕೆ ಇಳಿಯುವ ಹೊತ್ತು.

ಉತ್ತರ 4: ಲೆನ್ಸ್‌ಮುಚ್ಚಳ

ಹಸಿರು ಮಚ್ಚೆ ಲೆನ್ಸ್ ಮೇಲಿನ ಕೊಳೆಯಲ್ಲ, ಲೆನ್ಸ್ ಉಜ್ಜಿ ಉಜ್ಜಿ ಹಾಳುಮಾಡಬೇಡಿ. ತ್ರೀ-ಎಲ್‌ಸಿಡಿಯಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ಪ್ಯಾನೆಲ್. ಹಸಿರಿನ ಪ್ಯಾನೆಲ್ ಹತ್ತಿರ ದೂಳು ಕೂತಿದ್ದರೆ ಅಲ್ಲಿ ಬೆಳಕು ಸೋರಿ, ಕಪ್ಪು ಹಿನ್ನೆಲೆಯಲ್ಲಿ ಹಸಿರು ಮಚ್ಚೆ ಆಗುತ್ತದೆ. ಖಚಿತ ಮಾಡಿಕೊಳ್ಳಲು ಪೂರ್ತಿ ಕಪ್ಪು ಚಿತ್ರ ಹಾಕಿ, ಫೋಕಸ್ ರಿಂಗನ್ನು ನಿಧಾನವಾಗಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ. ಒಂದು ಜಾಗದಲ್ಲಿ ಮಚ್ಚೆ ಚೂಪಾಗಿ, ನಾರಿನ ಹಾಗೆ ಕಂಡರೆ ದೂಳೇ ಹೌದು. ಇದಕ್ಕೆ ಯಂತ್ರ ಬಿಚ್ಚಬೇಕು, ಸರ್ವಿಸ್‌ನವರಿಗೆ ಕೊಡಿ. ಪವರ್ ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಅಪಾಯದಷ್ಟು ವೋಲ್ಟೇಜ್ ಉಳಿದಿರುತ್ತದೆ. ಫಿಲ್ಟರ್ ಸರಿಮಾಡದೆ ಕೊಟ್ಟರೆ ದೂಳು ಮತ್ತೆ ಬರುತ್ತದೆ, ಮೇಲೆ ಹೇಳಿದ್ದನ್ನು ಮೊದಲು ಮುಗಿಸಿ.

ಲೆನ್ಸ್ ಒರೆಸುವುದು ತಣಿದ ಮೇಲೆ. ಮೊದಲು ರಬ್ಬರ್ ಬ್ಲೋಯರ್, ದೂಳು ಹೋಗದಿದ್ದರೆ ಲೆನ್ಸ್ ಬಟ್ಟೆ, ಬೆರಳಿನ ಗುರುತಿದ್ದರೆ ಬಟ್ಟೆಗೆ (ಲೆನ್ಸ್‌ಗಲ್ಲ) ಒಂದೆರಡು ಹನಿ ಲೆನ್ಸ್ ಕ್ಲೀನರ್, ನಡುವಿನಿಂದ ಹೊರಕ್ಕೆ ಸುತ್ತುತ್ತಾ. ಸಣ್ಣ ದೂಳಿನ ಕಣ ಚಿತ್ರದಲ್ಲಿ ಕಾಣುವುದೇ ಇಲ್ಲ, ಅದಕ್ಕಾಗಿ ದಿನಾ ಒರೆಸಬೇಡಿ.

ಲ್ಯಾಂಪ್ ಬದಲಿಸುವ ದಿನ ಬಂದಾಗ: ಪ್ಲಗ್ ಕಿತ್ತು ಕನಿಷ್ಠ ಒಂದು ಗಂಟೆ ಬಿಡಿ. ಹೊಸ ಲ್ಯಾಂಪನ್ನು ಹಿಡಿಕೆಯಲ್ಲಿ ಹಿಡಿಯಿರಿ, ಗಾಜಿಗೆ ಬೆರಳು ತಾಗದಿರಲಿ. ಬೆರಳಿನ ಜಿಡ್ಡು ಕೂತ ಜಾಗ ಮಿತಿಮೀರಿ ಬಿಸಿಯಾಗಿ ಗಾಜು ದುರ್ಬಲವಾಗುತ್ತದೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ಸುರಕ್ಷತಾ ಸ್ವಿಚ್ ಒತ್ತದೆ ಯಂತ್ರ ಆನ್ ಆಗದು. ಲ್ಯಾಂಪ್ ಗಂಟೆ ರಿಸೆಟ್ ಮಾಡುವುದು ಹೊಸದು ಹಾಕಿದಾಗ ಮಾತ್ರ. ಎಚ್ಚರಿಕೆ ಬರುತ್ತಿದೆ ಎಂದು ಹಳೆಯ ಲ್ಯಾಂಪ್‌ನಲ್ಲೇ ರಿಸೆಟ್ ಮಾಡಿ ಓಡಿಸುವವರಿದ್ದಾರೆ. ಉರಿಯುವಾಗ ಒಳಗಿನ ಒತ್ತಡ ವಾತಾವರಣದ ಸುಮಾರು 200 ಪಟ್ಟು, ಗಂಟೆ ಮೀರಿದಷ್ಟೂ ಒಡೆಯುವ ಸಾಧ್ಯತೆ ಹೆಚ್ಚು. ಪಟ್ ಎಂದು ಒಡೆದರೆ ಯಂತ್ರದ ಪ್ಲಗ್ ಕಿತ್ತು, ಎಲ್ಲರನ್ನೂ ಹೊರಗೆ ಕಳಿಸಿ, ಕಿಟಕಿ ಬಾಗಿಲು ತೆರೆದು ಗಾಳಿಯಾಡಲು ಬಿಡಿ. ಒಳಗೆ ಪಾದರಸವಿದೆ. ಚೂರುಗಳನ್ನು ವ್ಯಾಕ್ಯೂಮ್‌ನಿಂದ ಎಳೆಯಬೇಡಿ, ಕಸದ ಬುಟ್ಟಿಗೂ ಹಾಕಬೇಡಿ.

ತರಗತಿ ನಡೆಯುವ ಹಾಲ್ ಅಂದಿರಿ. ಮಕ್ಕಳು ಲೆನ್ಸ್ ಒಳಗೆ ಇಣುಕದಂತೆ ನೋಡಿಕೊಳ್ಳಿ. ಪರದೆ ಮುಂದೆ ನಿಂತು ಮಾತಾಡುವವರು ಸಭಿಕರತ್ತ ತಿರುಗುವಾಗ ಬೆಳಕಿನ ದಾರಿಯಿಂದ ಪಕ್ಕಕ್ಕೆ ಸರಿಯಲಿ.

ಮರುಪ್ರಶ್ನೆ: ಹಾಲ್‌ಉಸ್ತುವಾರಿ

ಬಟ್ಟೆ ತೆಗೆದು ಫಿಲ್ಟರ್ ಸ್ವಚ್ಛ ಮಾಡಿದ ಮೇಲೆ ಈಗ ಆಫ್ ಆಗುತ್ತಿಲ್ಲ. ಎಲ್ಲರಿಗೂ ಧನ್ಯವಾದ. ಸರಿಯಾದ ದೂರದಲ್ಲಿ ನಡುದಾರಿಗೆ ಮೇಜು ಬರುವುದರಿಂದ ಸೀಲಿಂಗ್‌ಗೆ ಹಾಕುವುದೇ ಸರಿ ಅನಿಸುತ್ತಿದೆ. ಎಚ್‌ಡಿಎಂಐ ಕೇಬಲ್ 12 ಮೀಟರ್ ಬೇಕಾಗುತ್ತದೆ, ನಡೆಯುತ್ತದೆಯೆ?

ಉತ್ತರ 5: ಕೇಬಲ್‌ಗಂಟು

1080ಪಿಗೆ ಒಳ್ಳೆಯ ತಾಮ್ರದ ಕೇಬಲ್ 10 ಮೀಟರ್‌ವರೆಗೆ ಸಾಮಾನ್ಯವಾಗಿ ತೊಂದರೆ ಕೊಡದು. 12ಕ್ಕೆ ನಾನಾದರೆ ಆಕ್ಟಿವ್ ಆಪ್ಟಿಕಲ್ ಕೇಬಲ್ (ತಾಮ್ರದ ಬದಲು ಗಾಜಿನೆಳೆಯಲ್ಲಿ ಬೆಳಕಾಗಿ ಸಂಕೇತ ಕಳಿಸುವಂಥದ್ದು) ಹಾಕುತ್ತೇನೆ, ಮುಂದೆ 4ಕೆ ಯಂತ್ರ ಬಂದರೂ ಗೋಡೆ ಒಡೆಯಬೇಕಿಲ್ಲ. ಅದಕ್ಕೆ ದಿಕ್ಕಿದೆ: ಸೋರ್ಸ್ ಎಂದು ಬರೆದ ತುದಿ ಲ್ಯಾಪ್‌ಟಾಪ್ ಕಡೆ, ಡಿಸ್‌ಪ್ಲೇ ತುದಿ ಪ್ರೊಜೆಕ್ಟರ್ ಕಡೆ. ಪೈಪಿನೊಳಗೆ ಎಳೆಯುವ ಮೊದಲು ನೆಲದ ಮೇಲೆ ಬಿಡಿಸಿ, ಎರಡೂ ತುದಿ ಸಿಕ್ಕಿಸಿ ಪರೀಕ್ಷಿಸಿ. ಚಿತ್ರದಲ್ಲಿ ಬಿಳಿ ಚುಕ್ಕೆಗಳು ಮಿನುಗಿದರೆ, ಅಥವಾ ಕ್ಷಣ ಕ್ಷಣ ಕಪ್ಪಾಗಿ ಮರಳಿದರೆ, ಕೇಬಲ್ ಸಾಲುತ್ತಿಲ್ಲ ಎಂದರ್ಥ.

ಸಣ್ಣ ಅಕ್ಷರ ಇನ್ನೂ ಮಸುಕಿದ್ದರೆ ಲ್ಯಾಪ್‌ಟಾಪ್ ನೋಡಿ. ಡುಪ್ಲಿಕೇಟ್ (ಎರಡೂ ಕಡೆ ಒಂದೇ ಚಿತ್ರ) ಇಟ್ಟಾಗ 1366 × 768ರ ಲ್ಯಾಪ್‌ಟಾಪ್ ಪ್ರೊಜೆಕ್ಟರಿಗೂ ಅದನ್ನೇ ಕಳಿಸಬಹುದು. ವಿಂಡೋಸ್ ಕೀಲಿ ಮತ್ತು ಪಿ ಒಟ್ಟಿಗೆ ಒತ್ತಿ ಎಕ್ಸ್‌ಟೆಂಡ್ ಆರಿಸಿ, ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1920 × 1080 ಕೊಡಿ.

ಸೀಲಿಂಗ್‌ನಲ್ಲಿ ಯಂತ್ರ ತಲೆಕೆಳಗಾಗಿ ತೂಗುತ್ತದೆ, ಮೆನುವಿನಲ್ಲಿ ಪ್ರೊಜೆಕ್ಷನ್ ಮೋಡನ್ನು ಫ್ರಂಟ್-ಸೀಲಿಂಗ್‌ಗೆ ಬದಲಿಸಿ. ಆಗ ಲೆನ್ಸ್ ಪರದೆಯ ಮೇಲಂಚಿನ ಮಟ್ಟಕ್ಕೆ ಬರಬೇಕಾದ್ದರಿಂದ ಯಂತ್ರ ತೂಗುವ ಕೊಳವೆಯ ಉದ್ದವನ್ನು ಅಲ್ಲಿಂದ ಲೆಕ್ಕ ಹಾಕಿ. ಬ್ರಾಕೆಟ್ ಕಾಂಕ್ರೀಟಿಗೆ ಆಂಕರ್ ಬೋಲ್ಟ್‌ನಿಂದ ಕೂರಬೇಕು, ಫಾಲ್ಸ್ ಸೀಲಿಂಗ್ ಹಲಗೆಗಾಗಲಿ ಅದರ ಪಟ್ಟಿಗಾಗಲಿ ಅಲ್ಲ. ಯಂತ್ರದ ಅಡಿಯ ತೂತುಗಳಿಗೆ ಬಹಳ ಸಲ ಎಂ4 ಸ್ಕ್ರೂ ಬರುತ್ತದೆ, ಆದರೆ ಅಳತೆಯನ್ನೂ ಉದ್ದವನ್ನೂ ಕೈಪಿಡಿಯಲ್ಲಿ ನೋಡಿಯೇ ಹಾಕಿ. ಉದ್ದ ಹೆಚ್ಚಾದರೆ ಒಳಗಿನ ಬೋರ್ಡಿಗೆ ಚುಚ್ಚುತ್ತದೆ. ಬ್ರಾಕೆಟ್ ಜೊತೆಗೆ ಪ್ರತ್ಯೇಕ ಉಕ್ಕಿನ ಸುರಕ್ಷತಾ ತಂತಿಯೊಂದನ್ನು ಕಾಂಕ್ರೀಟಿಗೇ ಕಟ್ಟಿ. ಫಿಲ್ಟರ್ ಬಾಗಿಲು ಮತ್ತು ಲ್ಯಾಂಪ್ ಬಾಗಿಲು ತೆರೆಯಲು ಜಾಗ ಉಳಿದಿದೆಯೇ ಎಂದು ಬೋಲ್ಟ್ ಬಿಗಿಯುವ ಮೊದಲೇ ತೆರೆದು ನೋಡಿ, ಕೇಬಲ್‌ಗಳನ್ನು ಬಿಸಿಗಾಳಿ ಬರುವ ಬದಿಯಿಂದ ದೂರ ಕಟ್ಟಿ.