ಆಸ್ಟ್ರೇಲಿಯಾ 462 ವೀಸಾ: ಗಂಡ-ಹೆಂಡತಿ ಒಂದೇ ಅರ್ಜಿಯಲ್ಲಿ ಹೋಗಬಹುದಾ?

ಹಾಸನ್_ಜೋಡಿ:
ಇಬ್ಬರಿಗೂ 28 ವರ್ಷ, ಇಬ್ಬರದೂ ಬಿ.ಕಾಂ. ವರ್ಕ್ ಅಂಡ್ ಹಾಲಿಡೇ (462) ವೀಸಾದಲ್ಲಿ ಒಂದು ವರ್ಷ ಆಸ್ಟ್ರೇಲಿಯಾ ಸುತ್ತುತ್ತಾ ಕೆಲಸ ಮಾಡೋ ಯೋಚನೆ. ಒಬ್ಬರ ಅರ್ಜಿಯಲ್ಲೇ ಇನ್ನೊಬ್ಬರನ್ನು ಸೇರಿಸಬಹುದಾ? ದುಡ್ಡೆಷ್ಟು ತೋರಿಸಬೇಕು? ಎರಡನೇ ವರ್ಷಕ್ಕೆ 88 ದಿನ ಅಂತಾರಲ್ಲ, ಏನದು? ಹಳೇ ವ್ಯಾನ್ ಕೊಂಡು ಅದರಲ್ಲೇ ಮಲಗಿ ಓಡಾಡಿದರೆ ಹೇಗೆ?

ಪಾಸ್‌ಪೋರ್ಟ್_ಪುಟ್ಟ:
ಸೇರಿಸೋಕಾಗಲ್ಲ. ಈ ವೀಸಾದಲ್ಲಿ ಅವಲಂಬಿತರು ಅನ್ನೋ ಕಾಲಮ್ಮೇ ಇಲ್ಲ, ಮದುವೆ ಪ್ರಮಾಣಪತ್ರಕ್ಕೆ ಇಲ್ಲಿ ಬೆಲೆಯಿಲ್ಲ. ಭಾರತೀಯರಿಗೆ ಇದು ಶುರುವಾಗಿದ್ದು 2024ರ ಸೆಪ್ಟೆಂಬರ್‌ನಲ್ಲಿ, ವರ್ಷಕ್ಕೆ 1000 ಜಾಗ, ಅದೂ ಲಾಟರಿ. ಇಬ್ಬರೂ ಬೇರೆ ಬೇರೆ 25 ಡಾಲರ್ ಕಟ್ಟಿ, ಪಾಸ್‌ಪೋರ್ಟ್ ಮತ್ತು ಪ್ಯಾನ್ ನಂಬರ್ ಕೊಟ್ಟು ನೋಂದಾಯಿಸಬೇಕು. ಹೆಸರು ಬಂದ ಮೇಲೆ ಅರ್ಜಿ ಹಾಕೋಕೆ 28 ದಿನ ಅಷ್ಟೇ, ಹಾಗಾಗಿ ದಾಖಲೆ ಮೊದಲೇ ಜೋಡಿಸಿಡಿ. ಒಬ್ಬೊಬ್ಬರ ಹೆಸರಲ್ಲೂ 5000 ಆಸ್ಟ್ರೇಲಿಯನ್ ಡಾಲರ್, ಜೊತೆಗೆ ವಾಪಸ್ ಟಿಕೆಟ್ಟಿನ ದುಡ್ಡು ಕಾಣಬೇಕು. ಡಿಗ್ರಿ ಪೂರ್ತಿ ಇಂಗ್ಲಿಷ್ ಮಾಧ್ಯಮವಾಗಿದ್ದರೆ ಕಾಲೇಜಿಂದ ಪತ್ರ ಮಾಡಿಸಿ. ಕನ್ನಡ ಮಾಧ್ಯಮದಲ್ಲಿ ಬಿ.ಕಾಂ ಮಾಡಿದವರು ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಬರೆಯಲಿ, ಸರಾಸರಿ 4.5 ಸಾಕು.

ಹಾಸನ್_ಜೋಡಿ:
ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದಿದ್ರೆ?

ಪಾಸ್‌ಪೋರ್ಟ್_ಪುಟ್ಟ:
ಆಗೋದು ಅದೇ ಜಾಸ್ತಿ. ಇನ್ನೊಬ್ಬರು ವಿಸಿಟರ್ ವೀಸಾ ಕೇಳಬಹುದು, ಆದರೆ ಅದರಲ್ಲಿ ದುಡಿಯೋ ಹಾಗಿಲ್ಲ. ಒಬ್ಬರ ಸಂಬಳದಲ್ಲಿ ಇಬ್ಬರ ಬಾಡಿಗೆ ಹೊರೆ. ಇಬ್ಬರ ಫಲಿತಾಂಶವೂ ಗೊತ್ತಾಗೋವರೆಗೆ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ತೋಟದ_ಲೆಕ್ಕ:
88 ದಿನದ ವಿಷಯ. ಮೂರು ತಿಂಗಳು, ಅಂದರೆ 88 ದಿನ, ಸರ್ಕಾರ ಹೇಳಿದ 'ನಿರ್ದಿಷ್ಟ ಕೆಲಸ' ಮಾಡಿದವರಿಗೆ ಮಾತ್ರ ಎರಡನೇ ವೀಸಾ. ತೋಟದ ಕೆಲಸ ಅಂದ ಮಾತ್ರಕ್ಕೆ ಲೆಕ್ಕಕ್ಕೆ ಬರಲ್ಲ, ಆ ಜಾಗದ ಪೋಸ್ಟ್‌ಕೋಡ್ ಸರ್ಕಾರದ ಪಟ್ಟಿಯಲ್ಲಿರಬೇಕು. ಒಪ್ಪಿಕೊಳ್ಳೋ ಮೊದಲೇ ನೋಡಿ. ಹೋಟೆಲ್ ಕೆಲಸವಾದರೆ ಉತ್ತರ ಭಾಗ ಅಥವಾ ತೀರಾ ದೂರದ ಊರುಗಳಲ್ಲಿ ಮಾತ್ರ ನಡೆಯುತ್ತೆ.

ಎಡವೋದು ಎಣಿಕೆಯಲ್ಲಿ. ವಾರಕ್ಕೆ ಐದು ದಿನ ಪೂರ್ಣಾವಧಿ ಒಪ್ಪಂದವಿದ್ದರೆ ವಾರಾಂತ್ಯವೂ ಸೇರಿ ಏಳು ದಿನ. ಕರೆದಾಗ ಹೋಗೋ ಕ್ಯಾಶುವಲ್ ಆದರೆ ದುಡಿದ ಪೂರ್ತಿ ದಿನಗಳು ಮಾತ್ರ. ಮಳೆ ಬಂತು ಅಂತ ಎರಡೇ ಗಂಟೆ ದುಡಿಸಿ ಮನೆಗೆ ಕಳಿಸಿದ ದಿನ ಸೊನ್ನೆ. ಇಬ್ಬರೂ ಒಂದೇ ತೋಟದಲ್ಲಿದ್ದರೂ ಪೇಸ್ಲಿಪ್ ಬೇರೆ, ಬ್ಯಾಂಕ್ ಖಾತೆ ಬೇರೆ, ದಿನದ ಲೆಕ್ಕವೂ ಬೇರೆ ಇರಲಿ.

ಉತ್ತರದ ಡಾರ್ವಿನ್, ಕ್ಯಾಥರಿನ್ ಕಡೆ ಮಾವಿನ ಕೊಯ್ಲು ಸೆಪ್ಟೆಂಬರ್‌ನಿಂದ ನವೆಂಬರ್. ಸೊನೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತೆ, ತುಂಬುತೋಳಿನ ಅಂಗಿ, ಕೈಗವಸು ಬೇಕೇ ಬೇಕು. ಕ್ವೀನ್ಸ್‌ಲ್ಯಾಂಡ್‌ನ ಟಲಿ, ಇನಿಸ್‌ಫೇಲ್‌ನ ಬಾಳೆ ತೋಟಗಳಲ್ಲಿ ವರ್ಷವಿಡೀ ಕೆಲಸ, ಆದರೆ ಗೊನೆ ಹೊರೋದು ಬೆನ್ನಿಗೆ ಕಷ್ಟ.

ಇಳಿದ ತಕ್ಷಣ ಟಿಎಫ್‌ಎನ್‌ಗೆ (ಅಲ್ಲಿಯ ತೆರಿಗೆ ನಂಬರ್, ನಮ್ಮ ಪ್ಯಾನ್ ಇದ್ದ ಹಾಗೆ) ಆನ್‌ಲೈನ್ ಅರ್ಜಿ ಹಾಕಿ, ಉಚಿತ. ಅದಿಲ್ಲದಿದ್ದರೆ ಗರಿಷ್ಠ ದರದಲ್ಲಿ ತೆರಿಗೆ ಮುರೀತಾರೆ. ಇದ್ದರೆ ವರ್ಷದ ಗಳಿಕೆ 45,000 ಡಾಲರ್‌ವರೆಗೆ 15%, ಮೊದಲ ಡಾಲರಿನಿಂದಲೇ. ಸೂಪರ್ (ನಮ್ಮ ಪಿಎಫ್ ಥರದ ನಿವೃತ್ತಿ ನಿಧಿ) ಅಂತ ಮಾಲೀಕರು ಕಟ್ಟೋ 12%ರಲ್ಲಿ, ದೇಶ ಬಿಟ್ಟ ಮೇಲೆ ವಾಪಸ್ ಕೇಳಿದಾಗ 65% ತೆರಿಗೆಗೇ ಹೋಗುತ್ತೆ, ಅದನ್ನು ನೆಚ್ಚಬೇಡಿ. "ಎಬಿಎನ್ (ಸ್ವಂತ ವ್ಯಾಪಾರದ ನೋಂದಣಿ ನಂಬರ್) ಮಾಡಿಸ್ಕೊಂಡು ಬಾ" ಅನ್ನೋ ಗುತ್ತಿಗೆದಾರನನ್ನು ಬಿಟ್ಟುಬಿಡಿ. ನಿಮ್ಮನ್ನು ನೌಕರ ಅಲ್ಲ ಅಂತ ತೋರಿಸಿ ಕನಿಷ್ಠ ಕೂಲಿ ತಪ್ಪಿಸೋ ದಾರಿ ಅದು.

ಗೇರ್_ಬಾಕ್ಸ್:
ವ್ಯಾನ್ ಬಗ್ಗೆ. ಬೆಲೆಗಿಂತ ಮೊದಲು ನೋಂದಣಿ, ಅಲ್ಲಿಯವರ ಬಾಯಲ್ಲಿ ರೆಗೋ, ಯಾವ ರಾಜ್ಯದ್ದು ಅಂತ ಕೇಳಿ. ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮಾರಾಟಕ್ಕೆ ಸುರಕ್ಷತಾ ಪ್ರಮಾಣಪತ್ರ ಬೇಕು. ವೆಸ್ಟರ್ನ್ ಆಸ್ಟ್ರೇಲಿಯಾ ರೆಗೋ ಇದ್ದರೆ ತಪಾಸಣೆ ಇಲ್ಲದೆ ಹೆಸರು ಬದಲಾಗುತ್ತೆ. ಬ್ಯಾಕ್‌ಪ್ಯಾಕರ್‌ಗಳು ಅದನ್ನೇ ಹುಡುಕೋದು ಇದಕ್ಕೇ, ಕೆಟ್ಟ ಗಾಡಿ ಕೈಬದಲಾಗೋದೂ ಇದರಿಂದಲೇ. ಮೆಕ್ಯಾನಿಕ್‌ಗೆ ತೋರಿಸಿ. ಪಿಪಿಎಸ್‌ಆರ್ ಅನ್ನೋ ಸರ್ಕಾರಿ ದಾಖಲೆ ತಾಣದಲ್ಲಿ 2 ಡಾಲರ್ ಕೊಟ್ಟು ಗಾಡಿ ಮೇಲೆ ಸಾಲ ಇದೆಯಾ ನೋಡಿ, ಇದ್ದರೆ ಸಾಲ ಕೊಟ್ಟವರು ಗಾಡಿ ಎಳ್ಕೊಂಡು ಹೋಗಬಹುದು.

ಕಡ್ಡಾಯ ವಿಮೆ ಜನರ ಗಾಯಕ್ಕೆ ಮಾತ್ರ. ಯಾರದೋ ದುಬಾರಿ ಕಾರಿಗೆ ಗುದ್ದಿದರೆ ಖರ್ಚು ನಿಮ್ಮದೇ, ಥರ್ಡ್ ಪಾರ್ಟಿ ಪ್ರಾಪರ್ಟಿ ವಿಮೆ ಬೇರೆ ಮಾಡಿಸಿ. ಊರಿನ ಆರ್‌ಟಿಒದಲ್ಲಿ ಫಾರಂ 4ಎ ಕೊಟ್ಟು ಅಂತರರಾಷ್ಟ್ರೀಯ ಪರ್ಮಿಟ್ ತಗೊಂಡೇ ಹೊರಡಿ. ಮುಸ್ಸಂಜೆ ಮೇಲೆ ಹೊರವಲಯದಲ್ಲಿ ಓಡಿಸಬೇಡಿ, ಕಾಂಗರೂ ಅಡ್ಡ ಬರುತ್ತವೆ. ನಗರದ ಬೀದೀಲಿ ಗಾಡಿಯೊಳಗೆ ಮಲಗಿದರೆ ಎಷ್ಟೋ ಕಡೆ ದಂಡ.

ಅಲ್ಲಿಯ ಸರ್ಕಾರಿ ಆರೋಗ್ಯ ಸೌಲಭ್ಯ ಮೆಡಿಕೇರ್ ನಮಗಿಲ್ಲ, ಆರೋಗ್ಯ ವಿಮೆಯೂ ಇಬ್ಬರಿಗೂ ಬೇಕು. ಮನೇಲಿ ಕಾಯಿಸಿದ ತುಪ್ಪ, ಉಪ್ಪಿನಕಾಯಿ ಒಯ್ದರೆ ವಿಮಾನ ನಿಲ್ದಾಣದ ಕಾರ್ಡಿನಲ್ಲಿ ಘೋಷಿಸಿ. ಕಿತ್ತುಕೊಂಡರೂ ಪರವಾಗಿಲ್ಲ, ಮುಚ್ಚಿಟ್ಟರೆ ದಂಡ.